ಕೊನೆಯ ಕರಾರು ಮುಗಿದ ಮೇಲೆ: ಬಳ್ಳಾರಿಗೆ ಮರಳುವ ಫುಟ್‌ಬಾಲ್ ಆಟಗಾರರಿಗೆ

ನಮ್ಮ ದೇಶದ ಕ್ಲಬ್‌ಗಳೊಂದಿಗಿನ ಕರಾರು ಸಾಮಾನ್ಯವಾಗಿ ಮೇ 31ಕ್ಕೆ ಮುಗಿಯುತ್ತದೆ. ಮೂವತ್ತೈದರ ಆಸುಪಾಸಿನಲ್ಲಿ ಆಟ ನಿಲ್ಲಿಸಿ ಊರಿಗೆ ಬರುವವರಿಗೆ ಇನ್ನೂ ಇಪ್ಪತ್ತೈದು ವರ್ಷಗಳ ದುಡಿಮೆ ಬಾಕಿ ಇರುತ್ತದೆ. ಅದರ ತಯಾರಿಯನ್ನು ಆಡುತ್ತಿರುವಾಗಲೇ ಆರಂಭಿಸಬೇಕು. ಕ್ರೀಡಾ ಕೋಟಾ ಇದೆಯಲ್ಲ ಎಂದು ಕಾಯುವುದು ವ್ಯರ್ಥ. ರೈಲ್ವೆಯ ಆ ನೇಮಕಾತಿಗೆ ವಯೋಮಿತಿ 18ರಿಂದ 25 ವರ್ಷ. ಅದು ಆಡುವವರಿಗಾಗಿ ಇರುವುದೇ ಹೊರತು ಆಡಿ ಬಂದವರಿಗಲ್ಲ.

ಪಿಯುಸಿಗೇ ಓದು ಬಿಟ್ಟವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಮುಗಿಸಿಕೊಳ್ಳಬಹುದು. ಪದವಿಯ ನಂತರ ಎರಡು ವರ್ಷದ ಬಿ.ಪಿ.ಎಡ್. ಮಾಡಿದರೆ ದೈಹಿಕ ಶಿಕ್ಷಕರ ಹುದ್ದೆಗೆ ದಾರಿಯಾಗುತ್ತದೆ. ಬಳ್ಳಾರಿಯವರು, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371-ಜೆ ವಿಧಿಯಡಿಯ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳಬೇಕು, ಅರ್ಜಿಯ ಕೊನೆಯ ದಿನ ಅದಕ್ಕಾಗಿ ಅಲೆಯುವಂತಾಗಬಾರದು.

ಆದರೆ ಹೆಚ್ಚಿನವರ ಮನಸ್ಸು ತರಬೇತಿಯತ್ತಲೇ ಇರುತ್ತದೆ, ಎಡವುವುದೂ ಅಲ್ಲಿಯೇ. ಚೆನ್ನಾಗಿ ಆಡಬಲ್ಲವನು ಚೆನ್ನಾಗಿ ಕಲಿಸಬಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ವರ್ಷಗಟ್ಟಲೆ ಕಾಲಿಗೆ ಒಗ್ಗಿಹೋದ ಕೌಶಲವನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕಾದಾಗ ದೊಡ್ಡ ಆಟಗಾರರೂ ತಡವರಿಸುತ್ತಾರೆ. ಭಾರತ ತಂಡದ ನಾಯಕರಾಗಿದ್ದ ಬೆಂಗಳೂರಿನ ಕಾರ್ಲ್ಟನ್ ಚಾಪ್‌ಮನ್ ನಿವೃತ್ತಿಯ ಬಳಿಕ, ತಾವು ಕಲಿತಿದ್ದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲೇ ಹುಡುಗರಿಗೆ ಕಲಿಸುತ್ತ ತರಬೇತುದಾರರ ಬದುಕು ಆರಂಭಿಸಿದರು. ಹಿರಿಯರ ತಂಡಕ್ಕೇ ನೇರವಾಗಿ ಕೈ ಹಾಕುವ ಬದಲು ಹೀಗೆ ಮಕ್ಕಳಿಂದ ತೊಡಗುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ.

ಅದಕ್ಕೆ ಬೇಕಾದುದು ಲೈಸೆನ್ಸ್. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಇ ಮತ್ತು ಡಿ ಲೈಸೆನ್ಸ್‌ಗಳಿಂದ ಆರಂಭಿಸಿ ಸಿ, ಬಿ, ಎ, ಪ್ರೊ ಎಂದು ಏಷ್ಯಾ ಒಕ್ಕೂಟದ ಮನ್ನಣೆಯ ಮೆಟ್ಟಿಲುಗಳನ್ನು ಏರಬೇಕು. ಡಿ ಲೈಸೆನ್ಸನ್ನಾದರೂ ಕೊನೆಯ ಋತುವಿಗೆ ಮೊದಲೇ ಮುಗಿಸಿಕೊಂಡರೆ ಕರಾರು ಮುಗಿದ ದಿನದಿಂದ ಕೆಲಸ ಕೇಳಬಹುದು. ತೋರಣಗಲ್ಲು ಬಳಿಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಂಥ ಕಡೆಗಳಲ್ಲಿ ತರಬೇತಿ ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು. ಆಟ ಬೇರೆಯಾದರೂ ದಿನಚರಿ, ಊಟ, ಗಾಯದ ಆರೈಕೆಗಳಲ್ಲಿ ಕಲಿಯುವುದು ಬಹಳ ಇರುತ್ತದೆ.

ಸ್ವಂತ ಶಿಬಿರ ನಡೆಸುವವರು ಮೈದಾನವನ್ನು ಮೊದಲು ನೋಡಬೇಕು. ಎರೆಮಣ್ಣಿನ ಬಯಲು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಣಕಾಲು ಮುರಿಯುತ್ತದೆ, ಮಳೆಗಾಲದಲ್ಲಿ ಬೂಟಿಗೆ ಅಂಟಿ ಹೆಜ್ಜೆ ಎತ್ತಗೊಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಎಂಟರೊಳಗೆ ಆಟ ಮುಗಿಸಬೇಕು, ಇಲ್ಲವೇ ಸಂಜೆ ಐದೂವರೆಯ ನಂತರ ಆರಂಭಿಸಬೇಕು. ಹದಿನೈದು ನಿಮಿಷಕ್ಕೊಮ್ಮೆ ನೀರು ಕುಡಿಸಬೇಕು. ಚೆಂಡಿನಲ್ಲೂ ವಯಸ್ಸಿನ ಲೆಕ್ಕವಿದೆ: ಎಂಟರ ಕೆಳಗಿನವರಿಗೆ 3ನೇ ಅಳತೆ, ಎಂಟರಿಂದ ಹನ್ನೆರಡರವರಿಗೆ 4, ಅದಕ್ಕೂ ದೊಡ್ಡವರಿಗೆ 5. ದೊಡ್ಡ ಚೆಂಡನ್ನೇ ಎಲ್ಲರಿಗೂ ಕೊಟ್ಟು ಉಳಿತಾಯ ಮಾಡುವವರನ್ನು ನಮ್ಮ ಕಡೆ ಬಹಳ ಕಾಣುತ್ತೇವೆ. ಶಿಬಿರವನ್ನು ಸಂಘವಾಗಿ ನೋಂದಾಯಿಸಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ ಏಳು ಜನ ಬೇಕು. ಪಾಲಕರ ಲಿಖಿತ ಒಪ್ಪಿಗೆ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಲ್ಲದೆ ಒಂದು ದಿನವೂ ಮಕ್ಕಳನ್ನು ಮೈದಾನಕ್ಕೆ ಇಳಿಸಬಾರದು.

ಕಲಿಸುವ ಸ್ವಭಾವವಿಲ್ಲದವರಿಗೆ ರೆಫರಿಯ ಕೆಲಸವುಂಟು. ಅದಕ್ಕೆ ಆಟದ 17 ನಿಯಮಗಳ ಪರೀಕ್ಷೆಯನ್ನೂ ಓಟದ ಪರೀಕ್ಷೆಯನ್ನೂ ದಾಟಬೇಕು. ಇಷ್ಟು ವರ್ಷ ರೆಫರಿಯನ್ನು ಬೈದವರು ಇದನ್ನೊಮ್ಮೆ ಪ್ರಯತ್ನಿಸಿ ನೋಡಬಹುದು.

ಇನ್ನು ದೇಹದ ಮಾತು. ಒಂದು ಪಂದ್ಯದಲ್ಲಿ ಹತ್ತು ಕಿಲೋಮೀಟರಿನಷ್ಟು ಓಡುತ್ತಿದ್ದವರು ಓಟ ಬಿಟ್ಟರೂ ಊಟದ ಪ್ರಮಾಣವನ್ನು ಬಿಡುವುದಿಲ್ಲ. ಮೊದಲ ಆರು ತಿಂಗಳು ಓಟವನ್ನು ಹಂತಹಂತವಾಗಿ ಇಳಿಸುತ್ತ, ತಟ್ಟೆಯ ರೊಟ್ಟಿಯನ್ನೂ ಅದಕ್ಕೆ ತಕ್ಕಂತೆ ಕಡಿಮೆ ಮಾಡುತ್ತ ಬರಬೇಕು.