'ಪಿಪಿಟಿ ಮೇಡಂ' ಅನ್ನೋ ಹೆಸರು ಹೋಗಿದ್ದು ಹೇಗೆ: ನನ್ನ ಅನುಭವ

ಹನ್ನೊಂದು ವರ್ಷದಿಂದ ಇನ್‌ಸ್ಟ್ರಕ್ಷನಲ್ ಡಿಸೈನರ್ ಆಗಿದೀನಿ, ಅಂದ್ರೆ ಕೆಲ್ಸ ಕಲಿಸೋ ಕೋರ್ಸ್ ರೂಪಿಸೋದು, ಅದ್ರಲ್ಲಿ ಒಂಬತ್ತು ವರ್ಷ ಆಫೀಸಲ್ಲಿ ನಾನು 'ಪಿಪಿಟಿ ಮೇಡಂ'. ಶುಕ್ರವಾರ ಸಾಯಂಕಾಲ ಎಂಬತ್ತು ಸ್ಲೈಡ್ ಕಳ್ಸಿ, ಸ್ವಲ್ಪ ಚೆನ್ನಾಗ್ ಕಾಣೋ ಹಾಗೆ ಮಾಡ್ಕೊಡಿ, ಸೋಮವಾರ ಲೈವ್ ಆಗ್ಬೇಕು ಅನ್ನೋರು. 2020ರ ಕೊನೆಗೆ ಫ್ಲ್ಯಾಶ್ (ಹಳೇ ಕೋರ್ಸ್ ಓಡ್ತಿದ್ದ ಸಾಫ್ಟ್‌ವೇರ್) ನಿಂತೋಗುತ್ತೆ ಅಂತ ಅರವತ್ತರ ಹತ್ರ ಹಳೇ ಕೋರ್ಸ್‌ನ ಸ್ಟೋರಿಲೈನ್ ಅನ್ನೋ ಕೋರ್ಸ್ ಮಾಡೋ ಸಾಫ್ಟ್‌ವೇರಲ್ಲಿ ಮತ್ತೆ ಕಟ್ಟಿದ್ವಿ, ಇಬ್ರೇ, ಮನೇಲಿ ಕೂತ್ಕೊಂಡು. ಅಪ್ರೈಸಲ್‌ನಲ್ಲಿ ಅದಕ್ಕೆ 'ಫೈಲ್ ಕನ್ವರ್ಷನ್' ಅಂತ ಒಂದು ಸಾಲು. ಆ ಸಾಲು ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ.

ನಮ್ಮ ಕೆಲಸ ಏನು ಅಂತ ವಿವರಿಸೋಕೆ ಹೋಗಿದ್ದೇ ನನ್ನ ಮೊದಲ್ನೇ ತಪ್ಪು. ಕೋರ್ಸ್ ಕಟ್ಟೋ ಹಂತಗಳ ಅಡೀ (ADDIE) ಚಾರ್ಟು, ಕಲಿಕೆಯ ಮಟ್ಟಗಳ ಬ್ಲೂಮ್ ಪಿರಮಿಡ್ಡು ಇಟ್ಕೊಂಡು ಮ್ಯಾನೇಜರ್‌ಗಳಿಗೆ ಸೆಷನ್ ಮಾಡ್ದೆ, ನಾಲ್ಕೇ ಜನ ಬಂದ್ರು. ಆಮೇಲೆ ಒಂದು ಗೇಮ್ ಥರದ ಕೋರ್ಸ್, ವಾಯ್ಸ್ ಓವರ್ ಎಲ್ಲಾ ಸೇರಿ ಒಂದೂವರೆ ಲಕ್ಷ ಆಯ್ತು. ಫೀಡ್‌ಬ್ಯಾಕ್ ಐದಕ್ಕೆ 4.6 ಬಂತು, ಎಲ್ರೂ ಮೆಚ್ಕೊಂಡ್ರು, ಆದ್ರೆ ಕೆಲ್ಸದ ಜಾಗ್ದಲ್ಲಿ ಒಂದು ತಪ್ಪೂ ಕಮ್ಮಿ ಆಗ್ಲಿಲ್ಲ. ತರಬೇತಿ ಫಲ ಅಳೆಯೋ ಕಿರ್ಕ್‌ಪ್ಯಾಟ್ರಿಕ್ ಮಾದರೀಲಿ ಮೊದಲ ಲೆವೆಲಲ್ಲೇ, ಅಂದ್ರೆ ಜನಕ್ಕೆ ಇಷ್ಟ ಆಯ್ತಾ ಅನ್ನೋದ್ರಲ್ಲೇ, ನಿಂತ್ಬಿಟ್ಟಿದ್ದೆ.

ಹೋದ ವರ್ಷ ನೆಲಮಂಗಲದ ವೇರ್‌ಹೌಸಿಂದ ರಿಕ್ವೆಸ್ಟ್ ಬಂತು, ರಿಟರ್ನ್ಸ್ (ಗಿರಾಕಿಗಳು ವಾಪಸ್ ಕಳ್ಸೋ ಮಾಲು) ಬಗ್ಗೆ 40 ನಿಮಿಷದ ಕೋರ್ಸ್ ಬೇಕಂತೆ. ಒಂದು ವಾರ ಟೈಮ್ ಕೊಡಿ, ಅಲ್ಲೇ ಹೋಗಿ ನೋಡ್ತೀನಿ ಅಂದೆ. "ಡಿಸೈನರ್‌ಗೆ ಗೋಡೌನಲ್ಲಿ ಏನಮ್ಮ ಕೆಲ್ಸ?" ಅಂದ್ರು ನಮ್ಮ ಮ್ಯಾನೇಜರ್. ಆದ್ರೂ ಕೆ.ಆರ್. ಪುರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಮಾದಾವರಕ್ಕೆ, ಅಲ್ಲಿಂದ ಬಸ್ಸು, ಹೀಗೆ ಮೂರು ದಿನ ಎರಡೂ ಶಿಫ್ಟ್ ಕೂತೆ.

ಅಲ್ಲಿನೋರಿಗೆ ಕೆಲ್ಸ ಗೊತ್ತು. ಆದ್ರೆ ಸ್ಕ್ಯಾನರ್ ಲಿಸ್ಟಲ್ಲಿ ಡ್ಯಾಮೇಜ್ಡ್, ಡಿಫೆಕ್ಟಿವ್ ಎರಡೂ ಇಂಗ್ಲಿಷಲ್ಲಿ ಒಂದ್ರ ಕೆಳಗೊಂದು, ಅವಸರದಲ್ಲಿ ಎಲ್ರೂ ಮೇಲಿರೋದನ್ನೇ ಒತ್ತೋರು. ಒಬ್ಳು ಹುಡುಗಿ "ಅಕ್ಕಾ, ಒಡೆದ್ರೂ ಕೆಟ್ರೂ ಹಾಳಾದ್ದು ಅಂತ್ಲೇ ಅಲ್ವಾ?" ಅಂದ್ಳು. ಅಷ್ಟು ಕೇಳಿದ್ಮೇಲೆ ಎಸ್‌ಎಂಇ (ಆ ವಿಷ್ಯದ ಪರಿಣಿತರು) ಕೊಟ್ಟ ಸ್ಲೈಡ್ ಯಾವ್ದೂ ಬೇಕಾಗ್ಲಿಲ್ಲ.

ಕೋರ್ಸ್ ಮಾಡಲ್ಲ ಅಂದೆ. ಅಂಗೈ ಅಗಲದ ಕಾರ್ಡ್ ಮಾಡಿ ಸ್ಕ್ಯಾನರ್ ದಾರಕ್ಕೆ ಕಟ್ಟಿದ್ವಿ: 'ಏಟು ಕಣ್ಣಿಗೆ ಕಾಣ್ಸುತ್ತೆ' ಒಂದು ಕಡೆ, 'ಹೊರಗೆ ಸರಿ, ಒಳಗೆ ಕೆಲ್ಸ ಮಾಡಲ್ಲ' ಇನ್ನೊಂದು ಕಡೆ, ಎರಡಕ್ಕೂ ಅಲ್ಲೇ ತೆಗೆದ ಫೋಟೋ. ಜೊತೆಗೆ ಆರು ನಿಮಿಷದ ಪ್ರಾಕ್ಟೀಸ್, ಅಷ್ಟೇ. ಅವೆನ್ಯೂ ರೋಡಲ್ಲಿ ಪ್ರಿಂಟು, ಲ್ಯಾಮಿನೇಷನ್ ಸೇರಿ ಒಂದಕ್ಕೆ 20 ರೂಪಾಯಿ ಹತ್ರ ಬಿತ್ತು, 150 ಕಾರ್ಡ್. ನಾವು ಸ್ಟೋರಿಲೈನ್ ಲೈಸೆನ್ಸಿಗೇ ವರ್ಷಕ್ಕೆ ಲಕ್ಷದ ಮೇಲೆ ಕೊಡ್ತೀವಿ, ನೆನಪಿರ್ಲಿ.

ಶುರು ಮಾಡೋಕ್ ಮುಂಚೆ ಎರಡು ವಾರ ಸೂಪರ್‌ವೈಸರ್ ಕೈಲೇ ತಪ್ಪುಗಳ್ನ ಲೆಕ್ಕ ಮಾಡಿಸ್ದೆ. ಆಗ ನೂರಕ್ಕೆ 17-18 ತಪ್ಪು ಇತ್ತು, ಆರು ವಾರಕ್ಕೆ ಐದಕ್ಕೆ ಇಳೀತು. ದಿನಕ್ಕೆ 500 ರಿಟರ್ನ್, ತಪ್ಪಾದ ಒಂದೊಂದು ಬಾಕ್ಸ್ ಮತ್ತೆ ಚೆಕ್ ಮಾಡೋಕೆ 35 ರೂಪಾಯಿ ಅಂದ್ರೆ ತಿಂಗಳಿಗೆ ಅರವತ್ತು ಸಾವಿರದ ಹತ್ರ ಉಳೀತು. ಈ ಲೆಕ್ಕ ಫೈನಾನ್ಸಿನವ್ರೇ ಹಾಕಿದ್ದು, ಬೇಕಂತ್ಲೇ ಅವ್ರ ಕೈಲಿ ಹಾಕಿಸ್ದೆ, ನಾನು ಹಾಕಿದ್ರೆ ಯಾರ್ ನಂಬ್ತಿದ್ರು?

ಮಧ್ಯದಲ್ಲಿ ಒಂದ್ಸಲ ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿ ನೋಡ್ದೆ, ಸ್ಕ್ಯಾನ್ ಸೊನ್ನೆ. ಫೋನೆಲ್ಲಾ ಗೇಟ್ ಲಾಕರಲ್ಲಿ ಇಟ್ಟೇ ಒಳಗ್ ಬರ್ಬೇಕು, ನಾನೂ ಇಟ್ಟೇ ಹೋಗಿದ್ದೆ, ಆದ್ರೂ ಹೊಳೀಲಿಲ್ಲ. ಶಿಫ್ಟ್‌ಗೆ ಮುಂಚೆ ವಾಟ್ಸಾಪಲ್ಲಿ 40 ಸೆಕೆಂಡ್ ಕನ್ನಡ ವಾಯ್ಸ್ ನೋಟ್ ಕಳ್ಸಿದ್ದು ಡೇ ಶಿಫ್ಟ್‌ನೋರಿಗೆ ಹಿಡೀತು. ನೈಟಲ್ಲಿ ಒಡಿಶಾ ಹುಡುಗ್ರೇ ಜಾಸ್ತಿ, ಅವ್ರಿಗೆ ಫೋಟೋನೇ ಕೆಲ್ಸ ಮಾಡಿದ್ದು.

ಈಗ ನಮ್ಮ ರಿಕ್ವೆಸ್ಟ್ ಫಾರಂನಲ್ಲಿ 'ಎಷ್ಟು ಸ್ಲೈಡ್' ಅನ್ನೋ ಕಾಲಂ ತೆಗ್ಸಿ 'ಜನ ಎಲ್ಲಿ ತಪ್ತಿದಾರೆ, ಯಾರು ಎಣಿಸಿದ್ದು' ಅಂತ ಹಾಕ್ಸಿದೀನಿ. ಹೋದ ತಿಂಗ್ಳು ಹೊಸ ಸಾರ್ಟಿಂಗ್ ಲೈನ್ ತಗೊಳ್ಳೋ ಮೀಟಿಂಗ್, ಮೆಷಿನ್ ಇನ್ನೂ ಆರ್ಡರೂ ಆಗಿರ್ಲಿಲ್ಲ. ಗೋಡೌನಲ್ಲಿ ಏನಮ್ಮ ಕೆಲ್ಸ ಅಂದಿದ್ರಲ್ಲ, ಅವ್ರೇ ಫೋನ್ ಮಾಡಿ ಸ್ಕ್ರೀನಲ್ಲಿ ಯಾವ ಪದ ಇರ್ಬೇಕು ನೀವೇ ಬಂದು ಹೇಳಿ ಅಂದ್ರು.