ಪ್ರಸಂಗದಲ್ಲಿ ಎಷ್ಟು ‘ದರೆ’ ಇವೆ?

ನಮ್ಮ ಕ್ರೈಸ್ತ ಸಭೆ ಗದಗ-ಬೆಟಗೇರಿಯಲ್ಲಿದೆ. ಪಾದ್ರಿ ಅಯ್ಯನವರು ಬೇರೆ ಊರಿನ ಸಭೆಗೆ ಹೋದ ಭಾನುವಾರ ಪ್ರಸಂಗ, ಅಂದರೆ ಆರಾಧನೆಯಲ್ಲಿ ಬೈಬಲ್ ಮಾತಿನ ಮೇಲೆ ಮಾಡುವ ಉಪದೇಶ, ನನ್ನ ಪಾಲಿಗೆ ಬರುತ್ತದೆ. ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಮೊದಲ ಐದಾರು ವರ್ಷ, ನಾನು ಸಾರುತ್ತಿರುವುದು ಸುವಾರ್ತೆಯೇ, ಅಂದರೆ ಕ್ರಿಸ್ತನ ಶುಭ ಸಂದೇಶವೇ, ಎಂದು ನಂಬಿದ್ದೆ.

ಒಂದು ಭಾನುವಾರ, ಬೇಡಿಕೊಂಡವರಿಗೆ ದೊರೆಯುತ್ತದೆ ಎಂಬ ಯೇಸುವಿನ ಮಾತಿನ ಮೇಲೆ ಮಾತಾಡಿದೆ. ಗಟ್ಟಿಯಾಗಿ ನಂಬಿದರೆ ಸಿಗುತ್ತದೆ, ಸಂಶಯ ಬಿಟ್ಟರೆ ಸಿಗುತ್ತದೆ ಅಂತ ಒತ್ತಿ ಒತ್ತಿ ಹೇಳಿದೆ. ಆರಾಧನೆ ಮುಗಿದ ಮೇಲೆ ಒಬ್ಬ ತಾಯಿ ಬಾಗಿಲ ಹತ್ತಿರ ನಿಂತಿದ್ದರು. ಎರಡು ತಿಂಗಳ ಹಿಂದೆ ಮಗನನ್ನು ಕಳೆದುಕೊಂಡವರು. ‘ಹಂಗಾರ ನನ್ನ ನಂಬಿಕೀನ ಸಾಲಲಿಲ್ಲೇನ್ರಿ?’ ಅಂದರು.

ಆ ರಾತ್ರಿ ಬರೆದಿಟ್ಟ ಪ್ರಸಂಗವನ್ನು ಮತ್ತೆ ತೆಗೆದು, ಪೆನ್ಸಿಲ್ ಹಿಡಿದು ಕೂತೆ. ನಂಬಿದರೆ, ಪ್ರಾರ್ಥಿಸಿದರೆ, ಒಪ್ಪಿಸಿಕೊಟ್ಟರೆ. ಪ್ರತಿ ‘ದರೆ’ಗೂ, ‘ಟ್ಟರೆ’ಗೂ ಗೆರೆ ಎಳೆದೆ. ನಾಲ್ಕು ಹಾಳೆಯಲ್ಲಿ ಇಪ್ಪತ್ತಮೂರು ಇದ್ದವು. ಕ್ರಿಸ್ತನು ಏನು ಮಾಡಿದನು ಎಂದು ಹೇಳುವ ವಾಕ್ಯ ಎರಡೇ ಎರಡು.

ಧರ್ಮಶಾಸ್ತ್ರ ಅಂದರೆ ದೇವರು ನಮ್ಮಿಂದ ಕೇಳುವುದು. ಸುವಾರ್ತೆ ಅಂದರೆ ದೇವರು ಕ್ರಿಸ್ತನಲ್ಲಿ ನಮಗಾಗಿ ಮಾಡಿ ಮುಗಿಸಿದ್ದು. ಎರಡೂ ದೇವರ ಮಾತೇ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1518ರಲ್ಲಿ ಹೈಡಲ್‌ಬರ್ಗ್‌ನಲ್ಲಿ ಇದನ್ನೇ ಹೇಳಿದ್ದ: ಧರ್ಮಶಾಸ್ತ್ರ ‘ಇದನ್ನು ಮಾಡು’ ಅನ್ನುತ್ತದೆ, ಅದು ಎಂದೂ ಆಗುವುದಿಲ್ಲ, ಕೃಪೆ ‘ಈತನನ್ನು ನಂಬು’ ಅನ್ನುತ್ತದೆ, ಎಲ್ಲ ಆಗಲೇ ಆಗಿಹೋಗಿರುತ್ತದೆ. ನಾನು ಮಾಡಿದ ತಪ್ಪು ಏನೆಂದರೆ, ಆ ನಂಬಿಕೆಯನ್ನೇ ಇನ್ನೊಂದು ಆಜ್ಞೆ ಮಾಡಿಬಿಟ್ಟಿದ್ದೆ. ದೇವರು ಮೋಶೆಯ ಮೂಲಕ ಕೊಟ್ಟ ಹತ್ತು ಆಜ್ಞೆಗಳ ಜೊತೆ ಹನ್ನೊಂದನೆಯದು. ಆ ತಾಯಿ ಅದರಲ್ಲಿ ನಪಾಸಾದೆ ಅಂದುಕೊಂಡು ಮನೆಗೆ ಹೋದರು.

ಅಂದಿನಿಂದ ಪ್ರಸಂಗ ಬರೆದ ಮೇಲೆ ಕ್ರಿಯಾಪದಗಳನ್ನು ನೋಡುತ್ತೇನೆ. ‘ಬೇಕು’, ‘ಬಾರದು’, ‘ದರೆ’ ಇರುವ ಕಡೆ ಕೆಂಪು ಗೆರೆ. ‘ಕೊಟ್ಟನು’, ‘ಹೊತ್ತನು’, ‘ಎಬ್ಬಿಸಿದನು’ ಇರುವ ಕಡೆ ನೀಲಿ. ನಮ್ಮ ಕನ್ನಡದಲ್ಲಿ ಇದು ಸುಲಭ, ವಾಕ್ಯದ ಬಾಲದಲ್ಲೇ ಗುಟ್ಟು ಇರುತ್ತದೆ.

ಆದರೆ ಬರೀ ವ್ಯಾಕರಣ ನಂಬಿದರೆ ಮೋಸ ಹೋಗುತ್ತೇವೆ. ಹೊರೆ ಹೊತ್ತವರೆಲ್ಲ ನನ್ನ ಬಳಿಗೆ ಬನ್ನಿರಿ ಎಂದು ಯೇಸು ಕರೆದದ್ದು ನೋಡಲು ಆಜ್ಞೆಯ ಹಾಗಿದೆ, ಆದರೆ ಅದು ಶುದ್ಧ ಸುವಾರ್ತೆ. ಶಿಲುಬೆಯ ಕಥೆಯನ್ನು ಪೂರ್ತಿ ಭೂತಕಾಲದಲ್ಲೇ ಹೇಳಿ, ಕೊನೆಗೆ ‘ಆತ ನಿನಗಾಗಿ ಇಷ್ಟು ಮಾಡಿದ, ನೀನು ಆತನಿಗೆ ಏನು ಮಾಡಿದೆ?’ ಎಂದು ಕೇಳಿದರೆ ಅದು ಧರ್ಮಶಾಸ್ತ್ರವೇ. ನಮ್ಮ ಶುಭ ಶುಕ್ರವಾರದ ಪ್ರಸಂಗಗಳಲ್ಲಿ ಇದು ಜಾಸ್ತಿ ಅಂತ ನನ್ನ ಅನಿಸಿಕೆ. ಜನ ಅಳುತ್ತಾರೆ, ಆದರೆ ಅದೇ ಹೊರೆ ಹೊತ್ತುಕೊಂಡೇ ಹೊರಗೆ ಹೋಗುತ್ತಾರೆ.

ಬೈಬಲಿನ ಹಳೆ ಒಡಂಬಡಿಕೆ ಎಲ್ಲ ಧರ್ಮಶಾಸ್ತ್ರ, ಹೊಸದೆಲ್ಲ ಸುವಾರ್ತೆ ಎಂದು ಭಾಗ ಮಾಡುವುದೂ ಸರಿಯಲ್ಲ. ಹಳೆ ಒಡಂಬಡಿಕೆಯ ವಿಮೋಚನಕಾಂಡದ 20ನೇ ಅಧ್ಯಾಯ ನೋಡಿ. ಹತ್ತು ಆಜ್ಞೆಗಳಿಗೆ ಮೊದಲು, ನಿನ್ನನ್ನು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆ ಮಾಡಿದ ದೇವರು ನಾನೇ ಅನ್ನುವ ಮಾತಿದೆ. ಮೊದಲು ಬಿಡುಗಡೆ, ಆಮೇಲೆ ಆಜ್ಞೆ. ಆದರೆ ಹೊಸ ಒಡಂಬಡಿಕೆಯಲ್ಲಿ ಯೇಸು ಬೆಟ್ಟದ ಮೇಲೆ ಮಾಡಿದ ಪ್ರಸಂಗದಲ್ಲಿ, ಸಹೋದರನ ಮೇಲಿನ ಸಿಟ್ಟನ್ನೂ ಕೊಲೆಯ ಲೆಕ್ಕಕ್ಕೆ ಹಿಡಿಯುತ್ತಾನೆ. ಮೋಶೆಗಿಂತ ಬಿಗಿ, ಅಲ್ವಾ?

ಸ್ವಿಟ್ಜರ್ಲೆಂಡಿನಿಂದ ಬೆಟಗೇರಿಗೆ 1841ರಲ್ಲಿ ಬಂದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನಲ್ಲಿ ಲೂಥರನ ದಾರಿಯವರೂ ಇದ್ದರು, ಸ್ವಿಸ್ ಸುಧಾರಣೆಯ ದಾರಿಯವರೂ ಇದ್ದರು. ನಂಬಿಕೆಯ ಪಾಠ ಕಲಿಸುವ ಲೂಥರನ 1529ರ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಹತ್ತು ಆಜ್ಞೆ ಎಲ್ಲಕ್ಕಿಂತ ಮೊದಲು ಬರುತ್ತದೆ, ನಮ್ಮ ಪಾಪ ತೋರಿಸಲು ಮುಖದ ಎದುರು ಕನ್ನಡಿ ಹಿಡಿದ ಹಾಗೆ. ಆ ಇನ್ನೊಂದು ದಾರಿಯವರ 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರದಲ್ಲಿ ಆಜ್ಞೆಗಳ ವಿವರಣೆ ಮೂರನೇ ಭಾಗದಲ್ಲಿದೆ. ಆ ಭಾಗದ ಹೆಸರೇ ಕೃತಜ್ಞತೆ. ಭಾನುವಾರ ಶಾಲೆಯಲ್ಲಿ ನಾನು ಎರಡನ್ನೂ ಹೇಳಿಕೊಡುತ್ತೇನೆ.

ಯಾರಿಗೆ ಧರ್ಮಶಾಸ್ತ್ರ, ಯಾರಿಗೆ ಸುವಾರ್ತೆ ಎಂಬುದೇ ಕಷ್ಟದ ಕೆಲಸ. ಇಲ್ಲೂ ಒಮ್ಮೆ ಎಡವಿದ್ದೇನೆ. ಹೆಂಡತಿಗೆ ಹೊಡೆಯುತ್ತಿದ್ದ ಒಬ್ಬರ ಮನೆಗೆ ಹೋಗಿದ್ದೆ. ಅವರು ನಾಲ್ಕು ಹನಿ ಕಣ್ಣೀರು ಹಾಕಿದ ಕೂಡಲೇ ‘ದೇವರು ಕ್ಷಮಿಸಿದ್ದಾನೆ ಬಿಡ್ರಿ’ ಅಂದೆ. ಅವರಿಗೆ ಅದು ರಜಾ ಚೀಟಿ ಆಯಿತು. ಆ ಹೆಂಗಸು ಬಾಗಿಲ ಮರೆಯಿಂದ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಅಲ್ಲಿ ಬೇಕಿದ್ದದ್ದು ‘ಬಾರದು’ ಅನ್ನುವ ಮಾತು, ಅದೂ ಮೆತ್ತಗೆ ಮಾಡದೆ. ಮಗನನ್ನು ಕಳೆದುಕೊಂಡ ತಾಯಿಗೆ ಧರ್ಮಶಾಸ್ತ್ರ ಕೊಟ್ಟೆ, ಇಲ್ಲಿ ಸುವಾರ್ತೆಯನ್ನು ಸೋವಿಗೆ ಕೊಟ್ಟೆ. ಎರಡು ಕಡೆಯೂ ಅದಲುಬದಲು.

ಈಗಲೂ ನನ್ನ ಪ್ರಸಂಗದಲ್ಲಿ ‘ದರೆ’ ಉಳಿಯುತ್ತವೆ. ಯೋಹಾನನ ಮೊದಲ ಪತ್ರದಲ್ಲೇ, ಪಾಪ ಅರಿಕೆಮಾಡಿದರೆ ಆತನು ಕ್ಷಮಿಸುತ್ತಾನೆ ಎಂದಿದೆಯಲ್ಲ. ಅದನ್ನು ಹೇಗೆ ಅಳಿಸುವುದು? ಹಾಗಾಗಿ ಯಾವ ಜಾತಿಯ ‘ದರೆ’ ಅಂತ ಕೇಳಿಕೊಳ್ಳುತ್ತೇನೆ. ಖಾನಾವಳಿಯಲ್ಲಿ ‘ರೊಕ್ಕ ಕೊಟ್ಟರೆ ಊಟ’ ಅನ್ನುತ್ತಾರೆ. ಮನೆಯಲ್ಲಿ ಅವ್ವ ‘ಹಸಿದಿದ್ದರೆ ಬಾ, ಉಣ್ಣು’ ಅನ್ನುತ್ತಾಳೆ. ಮೊದಲನೆಯದು ಬೆಲೆ, ಎರಡನೆಯದು ಕರೆ. ನೀರಡಿಕೆಯಾದವನು ಬಂದು ಕುಡಿಯಲಿ ಎಂದು ಯೇಸು ಕೂಗಿದ್ದು ಈ ಎರಡನೆಯ ದನಿಯಲ್ಲಿ.

ಆ ತಾಯಿಯ ಮನೆಗೆ ಮೂರು ವಾರ ಬಿಟ್ಟು ಹೋದೆ. ತಡವಾಯಿತು, ಗೊತ್ತು. ‘ಅವತ್ತು ನಾನು ತಪ್ಪು ಹೇಳಿದೆ. ನಿಮ್ಮ ನಂಬಿಕೆ ಸಾಲದೆ ಮಗ ಹೋಗಲಿಲ್ಲ’ ಅಂದೆ. ಯೇಸು ತನ್ನ ಗೆಳೆಯ ಲಾಜರನ ಸಮಾಧಿಯ ಹತ್ತಿರ ಕಣ್ಣೀರು ಹಾಕಿದ್ದನ್ನು ಓದಿದೆ. ಒಂದು ‘ದರೆ’ಯನ್ನೂ ಸೇರಿಸಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಒಳಗೆ ಹೋಗಿ ಮಗನ ಫೋಟೋ ತಂದು ನನ್ನ ಕೈಗೆ ಕೊಟ್ಟರು.