ಪರದೆ ಬಿಟ್ಟೆ, ಟೇಪ್ ಹಚ್ಚಿದೆ

2025ರ ಅಕ್ಟೋಬರ್. ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಹಳೇ ವಾಡೆಯ ಅಂಗಳ. ಲೈಟ್ ಆರಿಸಿದ್ದೆವು. ಸುಮಾರು 140 ಜನ ಕತ್ತಲಲ್ಲಿ ಕೂತು ಆಗಷ್ಟೇ ತೀರಿಕೊಂಡ ನಟ ರಾಜು ತಾಳಿಕೋಟೆ ಅವರ ಹಳೇ ನಾಟಕದ ಕ್ಯಾಸೆಟ್ ಕೇಳಿದರು. ಒಂದೂವರೆ ತಾಸು. ನಡುವೆ ಎದ್ದು ಹೋದವರು ಮೂರೋ ನಾಲ್ಕೋ ಜನ, ಅದರಲ್ಲಿ ಇಬ್ಬರು ಅಳೋ ಕೂಸು ಎತ್ತಿಕೊಂಡವರು. ಪರದೆ ಇಲ್ಲ, ಫ್ಲೆಕ್ಸ್ ಇಲ್ಲ, ಮುಖ್ಯ ಅತಿಥಿ ಇಲ್ಲ. ತೀರಿಕೊಂಡ ಸಿನಿಮಾದವರನ್ನ ಬರೀ ದನಿಯಿಂದ ನೆನೆಯೋದು ನಡೆಯಲ್ಲ ಅಂದವರೆಲ್ಲ ಅವತ್ತು ಅಲ್ಲೇ ಕೂತಿದ್ದರು. ಅದಕ್ಕೇ ಇದನ್ನ ಬರೆಯುತ್ತಿದ್ದೇನೆ.

ನಾನು ಸೌಂಡ್ ಸರ್ವಿಸ್ ನಡೆಸುವವನು. ಮದುವೆ, ಜಾತ್ರೆ, ಗಣಪತಿ, ಉರುಸು, ಹೊಟ್ಟೆಪಾಡು ಅದರಲ್ಲೇ. ಸಿನಿಮಾ ಹುಚ್ಚು ಅದಕ್ಕಿಂತ ಹಳೇದು. ಮುಂದೆ ಡೆಕ್ ಅಂದ್ರೆ ಕ್ಯಾಸೆಟ್ ಓಡಿಸೋ ಯಂತ್ರ, ಕಾಲಂ ಅಂದ್ರೆ ಉದ್ದನೆಯ ಸ್ಪೀಕರ್ ಡಬ್ಬಿ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ.

2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದರು. 46 ವರ್ಷ. ಆ ವಾರ ಊರಿನ ಯಾವ ಚೌಕಕ್ಕೆ ಹೋದರೂ ಫ್ಲೆಕ್ಸ್, ದೀಪ, ಹಾರ. ನಾವೂ ಓಣಿಯಲ್ಲಿ ಮಾಡಿದೆವು. 12ಕ್ಕೆ 8 ಅಡಿ ಫ್ಲೆಕ್ಸ್ ಸಾವಿರದ ಇನ್ನೂರು, ಪ್ರೊಜೆಕ್ಟರ್ ಬಾಡಿಗೆ ಎರಡು ಸಾವಿರ, ಶಾಮಿಯಾನ-ಕುರ್ಚಿ ಮೂರೂವರೆ, ಹಾರ, ಚಹಾ, ಚೂಡಾ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ. ಸೌಂಡ್ ನನ್ನದೇ, ಅದರ ಲೆಕ್ಕ ಹಿಡಿದಿಲ್ಲ. ಮುನ್ನೂರು ಜನ ಬಂದರು. ಕರೆದ ಅತಿಥಿ ಐವತ್ತು ನಿಮಿಷ ಮಾತಾಡಿದರು, ಹೆಚ್ಚಿನದು ತಮ್ಮ ಬಗ್ಗೆನೇ. ಅಪ್ಪು ಹೆಸರು ನಾಲ್ಕು ಸಲ ಬಂತು ಅಂತ ನನ್ನ ಕೈಕೆಳಗಿನ ಹುಡುಗ ಎಣಿಸಿ ಹೇಳಿದ. ವಿಡಿಯೋ ಶುರುವಾಗೋ ಹೊತ್ತಿಗೆ ಉಳಿದವರು ನಲವತ್ತು.

ಫ್ಲೆಕ್ಸ್ ಬಗ್ಗೆ ಒಂದು ಮಾತು. ಎಸ್.ಎಂ. ಪಂಡಿತರು ಹುಟ್ಟಿದ ಊರು ನಮ್ಮದು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದು ದೇಶಕ್ಕೆಲ್ಲ ಹೆಸರಾದವರು. ಅವರ ಹೆಸರಿನ ರಂಗಮಂದಿರದ ಮುಂದೆಯೇ ನಾವು ದಿನಾ ಓಡಾಡುತ್ತೇವೆ. ಅಂಥ ಊರಲ್ಲಿ ಸತ್ತವರ ಮುಖ ಚಿಕ್ಕದಾಗಿ, ಕೆಳಗೆ ಕೈಮುಗಿದ ಹನ್ನೆರಡು ಜನರ ಮುಖ ದೊಡ್ಡದಾಗಿ ಇರೋ ಫ್ಲೆಕ್ಸ್ ಕಟ್ಟೋದು ನನಗೆ ಆವತ್ತೇ ಸಾಕಾಯಿತು. ಆಮೇಲೆ ಒಂದೂ ಕಟ್ಟಿಲ್ಲ.

2023ರ ಫೆಬ್ರವರಿಯಲ್ಲಿ ವಾಣಿ ಜಯರಾಂ ತೀರಿಕೊಂಡಾಗ ಆರ್ಕೆಸ್ಟ್ರಾ ಕರೆಸಿದೆ. ಹದಿನಾಲ್ಕು ಸಾವಿರ. ಹಾಡಿದ ಹುಡುಗಿ ಚೆನ್ನಾಗೇ ಹಾಡಿದಳು, ಸುಳ್ಳು ಹೇಳಬಾರದು. ಆದರೆ ನಾಲ್ಕನೇ ಹಾಡಿಗೆ ಹಿಂದಿನಿಂದ ಕುಣಿಯೋ ಹಾಡು ಬೇಕು ಅಂತ ಚೀಟಿ ಬರೋಕೆ ಶುರು. ಒಂಬತ್ತೂವರೆಗೆ ಅದು ಯಾರ ನೆನಪಿನ ಕಾರ್ಯಕ್ರಮ ಅಂತ ನನಗೇ ಮರೆತಿತ್ತು. ಜನ ದುಡ್ಡು ಹಾಕೋ ಡಬ್ಬಿಯಲ್ಲಿ ಬಿದ್ದಿದ್ದು ಎರಡು ಸಾವಿರದ ಮುನ್ನೂರೋ ಏನೋ.

ಅದೇ ವರ್ಷ ಡಿಸೆಂಬರ್ 8ಕ್ಕೆ ಲೀಲಾವತಿ ಅಮ್ಮ ಹೋದರು. ಈ ಸಲ ಖರ್ಚು ಕಮ್ಮಿ ಮಾಡೋಣ ಅಂತ ಮಾಳಿಗೆ ಮೇಲೆ ಬಿಳಿ ಬಟ್ಟೆ ಕಟ್ಟಿದೆ. ಗಾಳಿಗೆ ಬಟ್ಟೆ ಉಬ್ಬಿ ಅವರ ಮುಖ ಒಮ್ಮೆ ಉದ್ದ, ಒಮ್ಮೆ ಅಗಲ. ಪೆನ್ ಡ್ರೈವ್ ತೆರೆಯಲಿಲ್ಲ, ಫೋನಿನಿಂದ ಹಚ್ಚಿದೆ. ಪರದೆ ಮೇಲೆ ಅಮ್ಮ ಕಣ್ಣೀರು ಒರೆಸಿಕೊಳ್ಳೋ ಹೊತ್ತಿಗೆ ಸರಿಯಾಗಿ ಬನಿಯನ್ ಜಾಹೀರಾತು ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಲ್ಲಿದ್ದ ಅಜ್ಜಿ ಏನೂ ಅನ್ನದೆ ಚಾಪೆ ಸುತ್ತಿಕೊಂಡು ಕೆಳಗೆ ಇಳಿದಳು. ಈಗಲೂ ಅದು ಕಣ್ಣ ಮುಂದಿದೆ.

ದಾರಿ ಸಿಕ್ಕಿದ್ದು ಕರೆಂಟ್ ಹೋಗಿದ್ದರಿಂದ. 2024ರ ಏಪ್ರಿಲ್ 16ಕ್ಕೆ ದ್ವಾರಕೀಶ್ ತೀರಿಕೊಂಡರು. ನಾಲ್ಕೈದು ದಿನ ಬಿಟ್ಟು ಒಂದು ಸಂಜೆ ಇಟ್ಟುಕೊಂಡೆ. ನಮ್ಮ ಕಡೆಯ ಏಪ್ರಿಲ್ ಗೊತ್ತಲ್ವಾ, ಸೂರ್ಯ ಮುಳುಗಿದ ಮೇಲೂ ಗೋಡೆ ಬೆಂಕಿ. ಬಂದವರು ಒಂಬತ್ತೇ ಜನ. ಪ್ರೊಜೆಕ್ಟರ್ ಹಚ್ಚಿ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಜನರೇಟರ್ ತಂದಿರಲಿಲ್ಲ. ಸುಮ್ನೆ ಕೂರೋದು ಯಾಕೆ ಅಂತ ಅಂಗಡಿಯಿಂದ ಸೆಲ್ ಹಾಕೋ ಹಳೇ ಟೂ-ಇನ್-ಒನ್ ರೇಡಿಯೋ-ಟೇಪ್ ತರಿಸಿ, ಅವರ ಚಿತ್ರದ್ದೊಂದು ಮಾತಿನ ಕ್ಯಾಸೆಟ್ ಹಾಕಿದೆ. ಮೊದಲ ನಿಮಿಷ ಯಾರೋ ಬೀಸಣಿಕೆ ಬೀಸುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಕ್ಯಾಸೆಟ್ ಒಂದು ಬದಿ ಮುಗಿದು ಗುಂಡಿ ಟಕ್ ಅಂದಾಗ ಕತ್ತಲಲ್ಲಿ ಒಬ್ಬರು, "ತಿರುವಿ ಹಾಕ್ರಿ" ಅಂದರು. ಅಷ್ಟರಲ್ಲಿ ಕರೆಂಟ್ ಬಂತು. ಪ್ರೊಜೆಕ್ಟರ್ ಹಚ್ಚಲು ಹೋದೆ. "ಅದು ಬ್ಯಾಡ ಬಿಡ್ರಿ, ಇದೇ ನಡೀಲಿ" ಅಂದರು. ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ್ದು ದ್ವಾರಕೀಶ್ ಅವರ 'ಕುಳ್ಳ ಏಜೆಂಟ್ 000' ಚಿತ್ರಕ್ಕೆ, 1972ರಲ್ಲಿ. ನಮ್ಮದು ಹಿಂದಿ ಹಾಡಿನ ಊರು. ಆ ಹಾಡು ಬಂದಾಗ ಒಂಬತ್ತೂ ಜನ ದನಿ ಕೂಡಿಸಿದರು.

ಇನ್ನು ಮುಂದೆ ಬರೀ ಕಿವಿಗೆ ಅಂತ ಹೇಳಿದಾಗ ನಮ್ಮ ಭಾವ ನಕ್ಕರು. "ಸಿನಿಮಾದವರನ್ನ ನೆನೆಸಬೇಕಂದ್ರ ತೆರಿ ಮ್ಯಾಲ ತೋರಸಬೇಕಪ್ಪ. ಕಿವ್ಯಾಗ ಏನ್ ತೋರಸ್ತಿ?" ಆರ್ಕೆಸ್ಟ್ರಾದವರು ಇನ್ನೂ ಕೆಟ್ಟದಾಗಿ ಆಡಿಕೊಂಡರು, ಅದು ಬೇಡ.

ಜುಲೈ 11ಕ್ಕೆ ನಿರೂಪಕಿ ಅಪರ್ಣಾ ಹೋದರು. ಅವರನ್ನ ನೆನೆಯಲು ಪರದೆ ಯಾಕೆ ಬೇಕು ಹೇಳಿ? ಮೊದಲು ಬಂದಿದ್ದು 'ಮಸಣದ ಹೂವು' ಚಿತ್ರದಲ್ಲಿ. ಆದರೆ ಜನ ಅವರನ್ನ ಗುರುತು ಹಿಡಿಯೋದು ದನಿಯಿಂದಲೇ. ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ಓಣಿಯ ಒಬ್ಬ ಅಕ್ಕ ಅಂಗಡಿಗೆ ಬಂದು ಫೋನ್ ಕೊಟ್ಟರು. ಮಗ ಬೆಂಗಳೂರಲ್ಲಿ ಕೆಲಸಕ್ಕೆ. ದಿನಾ ಸಂಜೆ ಮೆಟ್ರೋದಲ್ಲಿ ನಿಂತೇ ಅವ್ವನಿಗೆ ಫೋನ್ ಮಾಡೋನು. ಅವನ ಮಾತಿನ ಹಿಂದೆ ಮುಂದಿನ ನಿಲ್ದಾಣದ ಹೆಸರು ಹೇಳೋ ದನಿ. "ಯಾವ ಸ್ಟೇಷನ್ ಬಂತಂತ ನನಗ ಅಕಿನೇ ಹೇಳ್ತಿದ್ಳು. ಅಕಿ ಯಾರಂತ ಮೊನ್ನೆ ಟಿವಿಯಾಗ ನೋಡಿದ ಮ್ಯಾಲ ಗೊತ್ತಾತು" ಅಂದರು. ಮಗ ಅದನ್ನ ಫೋನಲ್ಲಿ ಹಿಡಿದು ಕಳಿಸಿದ್ದ. ನಲವತ್ತು ಸೆಕೆಂಡ್ ಇರಬೇಕು. ರೈಲಿನ ಸದ್ದು, ಯಾರದೋ ಕೆಮ್ಮು, ನಡುವೆ ಆ ದನಿ. ಕಾರ್ಯಕ್ರಮ ಅದರಿಂದಲೇ ಶುರು ಮಾಡಿದೆ. ಹದಿನೆಂಟು ಜನ ಇದ್ದರು. ಖರ್ಚು ಚಹಾದ್ದು ಮಾತ್ರ, ಮುನ್ನೂರೋ ನಾನೂರೋ.

ಇನ್ನು ಕೆಲಸದ ವಿಷಯ. ವಾಡೆಯ ಅಂಗಳದಲ್ಲಿ ಪೂರ್ತಿ ಶಹಾಬಾದ್ ಫರಸಿ. ದೊಡ್ಡ ಬಾಕ್ಸ್ ಇಟ್ಟರೆ ಮಾತು ಕಲ್ಲಿಗೆ ಬಡಿದು ಮುದ್ದೆಯಾಗುತ್ತೆ. ಎರಡು ಸಲ ಹಾಳು ಮಾಡಿಕೊಂಡ ಮೇಲೆ ನಾಲ್ಕು ಸಣ್ಣ ಕಾಲಂ ತಂದೆ. ಜನರ ಹತ್ತಿರವೇ ಇಟ್ಟು, ಮನೆಯಲ್ಲಿ ಮಾತಾಡೋ ಅಷ್ಟೇ ಸದ್ದು. ಕಲ್ಲಿನ ಮೇಲೆ ಎರಡು ಪದರ ಜಮಖಾನ. ಇಷ್ಟಕ್ಕೇ ಅರ್ಧ ಕೆಲಸ ಆಯಿತು.

ಕ್ಯಾಸೆಟ್‌ಗಳ ಗತಿ ಹೇಳೋದೇ ಬೇಡ. ನಮ್ಮ ಬಿಸಿಲಿಗೆ ಒಳಗಿನ ಸ್ಪಂಜಿನ ಅಂಟು ಬಿಟ್ಟು, ಟೇಪನ್ನ ಹೆಡ್ಡಿಗೆ ಒತ್ತಿ ಹಿಡಿಯೋ ಪ್ಯಾಡ್ ಉದುರಿರುತ್ತೆ. ಹಳೇ ಹಾಡಿನ ಕ್ಯಾಸೆಟ್ ಒಂದನ್ನ ಬಲಿ ಕೊಟ್ಟು, ಸುರುಳಿಯನ್ನ ಅದರ ಡಬ್ಬಿಗೆ ಬದಲಾಯಿಸುತ್ತೇನೆ. ಐದು ಸ್ಕ್ರೂ ಇರೋದಾದರೆ ಸುಲಭ, ಅಂಟಿಸಿದ್ದಾದರೆ ಬ್ಲೇಡ್. ಆಮೇಲೆ ಡೆಕ್ಕಿನಲ್ಲಿ ಟೇಪ್ ಓದೋ ಹೆಡ್ ಪಕ್ಕದ ಸ್ಕ್ರೂ. ಮಾನೋಗೆ, ಅಂದ್ರೆ ಎಡ-ಬಲದ ಸದ್ದು ಒಂದೇ ಆಗೋ ಹಾಗೆ, ಹಾಕಿಕೊಂಡು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಒಂದು ಕಡೆ ಕಂಬಳಿ ಸರಿಸಿದ ಹಾಗೆ ಮಾತು ಬಿಚ್ಚಿಕೊಳ್ಳುತ್ತೆ, 'ಸ' ಮತ್ತು 'ಶ' ಬೇರೆ ಬೇರೆಯಾಗಿ ಕೇಳುತ್ತವೆ. ಅಲ್ಲಿಗೆ ನಿಲ್ಲಿಸಿ. ಪ್ರತಿ ಕ್ಯಾಸೆಟ್‌ಗೂ ಹೊಸದಾಗಿ ತಿರುಗಿಸಬೇಕು. ಬೂಸರು ಹಿಡಿದದ್ದನ್ನ ಹಾಗೇ ಹಾಕಬೇಡಿ, ಹೆಡ್ಡಿಗೆ ಅಂಟಿ ಮುಂದಿನದ್ದನ್ನೂ ಕೆಡಿಸುತ್ತೆ. ಬೂಸರು ನಾನು ಹೇಗೆ ತೆಗೆಯುತ್ತೇನೆ ಅಂತ ಇಲ್ಲಿ ಬರೆಯಲ್ಲ. ಎಂಟು ಕ್ಯಾಸೆಟ್ ಹಾಳು ಮಾಡಿ ಕಲಿತಿದ್ದು ಅದು.

ಕಂಪ್ಯೂಟರ್‌ಗೆ ಏರಿಸಿ ಸುಂಯ್ ಸದ್ದು ತೆಗೆಸಿಯೂ ನೋಡಿದೆ. ಮೂರು ರಾತ್ರಿ ಕೂತೆ. ಸದ್ದೇನೋ ಹೋಯಿತು, ಜೊತೆಗೆ ಜೀವವೂ ಹೋಯಿತು. ಡಬ್ಬದೊಳಗಿಂದ ಯಾರೋ ಮಾತಾಡಿದ ಹಾಗಿತ್ತು. ಈಗ ಕಂಪ್ಯೂಟರ್‌ಗೆ ಏರಿಸೋದು ಕಾಪಿ ಇಟ್ಟುಕೊಳ್ಳಲು ಮಾತ್ರ.

2025ರ ಜುಲೈನಲ್ಲಿ ಒಂದು ಎಡವಟ್ಟು ಮಾಡಿದೆ. 13ಕ್ಕೆ ತೆಲುಗು ನಟ ಕೋಟ ಶ್ರೀನಿವಾಸ ರಾವ್ ಹೋದರು, 14ಕ್ಕೆ ಬಿ. ಸರೋಜಾದೇವಿ. ಸೇಡಂ, ಗುರುಮಠಕಲ್ ಕಡೆಯವರಿಗೆ ತೆಲುಗು ಮನೆಮಾತಿನಷ್ಟೇ ಹತ್ತಿರ. ಇಬ್ಬರನ್ನೂ ಒಂದೇ ಸಂಜೆಗೆ ಸೇರಿಸಿದೆ. ಒಬ್ಬರ ಗದರಿಕೆ ಆದ ಮೇಲೆ ಇನ್ನೊಬ್ಬರ ಸಣ್ಣ ದನಿ. ಯಾವುದೂ ಒಳಗೆ ಇಳಿಯಲಿಲ್ಲ. ಒಂದು ಸಂಜೆಗೆ ಒಬ್ಬರೇ.

ಅಕ್ಟೋಬರ್ 13ಕ್ಕೆ ರಾಜು ತಾಳಿಕೋಟೆ. ಉಡುಪಿ ಕಡೆ ಶೂಟಿಂಗ್‌ಗೆ ಹೋದಾಗ ಹೃದಯಾಘಾತ. ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ಬೆಂಗಳೂರಿನವರಿಗೆ ಅವರು 2009ರ 'ಮನಸಾರೆ'ಯ ನಂತರ ಗೊತ್ತಾದವರು. ನಮಗೆ ಹಾಗಲ್ಲ. ಅದಕ್ಕೂ ಎಷ್ಟೋ ಮೊದಲೇ 'ಕಲಿಯುಗದ ಕುಡುಕ' ಕ್ಯಾಸೆಟ್ ಟ್ರ್ಯಾಕ್ಟರ್‌ನಲ್ಲಿ, ಭಜಿ ಹೋಟೆಲಿನಲ್ಲಿ, ತೊಗರಿ ರಾಶಿ ಮಾಡೋ ಕಣದಲ್ಲಿ ಓಡಿತ್ತು. ಮುಖ ನೋಡದೆಯೇ ನಕ್ಕವರು ನಾವು. ಹಳೇ ಕ್ಯಾಸೆಟ್ ಇದ್ದರೆ ಕೊಡಿ ಅಂತ ಹೇಳಿ ಕಳಿಸಿದೆ. ನಾಲ್ಕು ದಿನದಲ್ಲಿ ಹನ್ನೊಂದು ಬಂದವು. ಒಂದರೊಳಗೆ ಸಣ್ಣ ತೊಗರಿ ಕಾಳು ಸಿಕ್ಕಿಕೊಂಡಿತ್ತು. ಆರು ಓಡಿದವು.

ಆವತ್ತು ಒಂದು ಪ್ರಯೋಗ ಮಾಡಿದೆ. ಕಾಲಂ ಬಿಟ್ಟು ಅಟ್ಟದ ಮೇಲಿದ್ದ ಹಳೇ ಹಾರ್ನ್ ಸ್ಪೀಕರ್ ಇಳಿಸಿದೆ. ಅಂಗಳದ ಬೇವಿನ ಮರಕ್ಕೆ ಕಟ್ಟಿ, ಸದ್ದು ಕಮ್ಮಿ ಇಟ್ಟೆ. ನಮ್ಮ ಹುಡುಗನಿಗೆ ತಲೆ ಕೆಟ್ಟಿತು, "ಮಾಮಾ, ಹಾರ್ನಿನಾಗ ಯಾರ್ ಕೇಳ್ತಾರ್ರಿ ಈಗ?" ಅಂದ. ಮೊದಲ ಮಾತು ಹಾರ್ನಿನಿಂದ ಬಂದದ್ದೇ ತಡ, ಹಿಂದೆ ಕೂತ ಮುದುಕರು ಚಪ್ಪಾಳೆ. ಅವರು ಕೇಳಿದ್ದೇ ಆ ದನಿ, ಮೂಗಿನಿಂದ ಬಂದ ಹಾಗಿನ ಆ ಹಾರ್ನ್ ದನಿ. ಠಾಣೆಯ ಪರವಾನಗಿ ತಗೊಂಡಿದ್ದೆ, ಹತ್ತಕ್ಕೆ ಮುಂಚೆ ಮುಗಿಸಿದೆ. ಖರ್ಚು ಎರಡು ಸಾವಿರ ಚಿಲ್ಲರೆ, ಡಬ್ಬಿಯಲ್ಲಿ ಆರು ಸಾವಿರದ ಮೇಲೆ. ಉಳಿದ ದುಡ್ಡಿಗೆ ಡೆಕ್ಕಿನ ಬೆಲ್ಟ್, ಟೇಪ್ ಎಳೆಯೋ ಪಿಂಚ್ ರೋಲರ್ ತರಿಸಿದೆ. ಭಾವ ಕೊನೆಯವರೆಗೂ ಕೂತಿದ್ದು ಜಮಖಾನ ಮಡಚಿ ಕೊಟ್ಟು ಹೋದರು. ಬಾಯಿ ಮಾತ್ರ ಬಿಡಲಿಲ್ಲ.

ಶುರು ಮಾಡೋ ಮೊದಲ ಎರಡು ನಿಮಿಷದಲ್ಲಿ ನಾನು ಇನ್ನೊಂದು ಮಾಡುತ್ತೇನೆ. ಜನ ತಾವಾಗಿಯೇ ಸುಮ್ಮನಾಗೋದು ಅದರಿಂದಲೇ. ಅದನ್ನ ಬಂದು ಕೇಳಿದರೆ ಗೊತ್ತಾಗುತ್ತೆ.

ವಾರ ಕಳೆಯೋದರಲ್ಲಿ, 20ಕ್ಕೆ, 'ಶೋಲೆ'ಯ ಜೈಲರ್ ಅಸ್ರಾನಿ ಹೋದರು. 'ಶೋಲೆ'ಯ ಮಾತಿನ ಕ್ಯಾಸೆಟ್ ಈ ಊರಲ್ಲಿ ಯಾರ ಮನೆಯಲ್ಲಿ ಇರಲಿಲ್ಲ ಹೇಳಿ! ಜೈಲರ್ ಮಾತು ಟೇಪಿಗಿಂತ ಮೊದಲು ಜನರ ಬಾಯಿಂದಲೇ ಬರುತ್ತಿತ್ತು. ಟೇಪ್ ನಿಲ್ಲಿಸಿದೆ. ಹತ್ತು ನಿಮಿಷ ಅವರೇ ನಡೆಸಿದರು. ಮುಂದಿನ ತಿಂಗಳು 24ಕ್ಕೆ ಧರ್ಮೇಂದ್ರ, ಅದೇ ಕ್ಯಾಸೆಟ್ ಮತ್ತೆ ಹೊರಗೆ ಬಂತು.

ನವೆಂಬರ್ 30ಕ್ಕೆ ಹಾಸ್ಯನಟ ಎಂ.ಎಸ್. ಉಮೇಶ್. 1960ರಲ್ಲಿ 'ಮಕ್ಕಳ ರಾಜ್ಯ'ದಲ್ಲಿ ಹುಡುಗನಾಗಿ ಬಂದವರು. ಅವರ ಸಂಜೆ ಇನ್ನೂ ಮಾಡೋಕಾಗಿಲ್ಲ. ನನ್ನ ಹತ್ತಿರ ಇರೋ ಎರಡು ಕ್ಯಾಸೆಟ್‌ನಲ್ಲಿ ಒಂದು ಪೂರ್ತಿ ಬೂಸರು, ಇನ್ನೊಂದರಲ್ಲಿ ಅವರ ಮಾತು ಬರೋ ಜಾಗದಲ್ಲೇ ಯಾರೋ ಮಗ್ಗಿ ರೆಕಾರ್ಡ್ ಮಾಡಿದ್ದಾರೆ. ಹದಿನಾಲ್ಕರ ಮಗ್ಗಿ, ಅದೂ ತಪ್ಪು. ನಿಮ್ಮಲ್ಲಿ ಯಾರ ಹತ್ತಿರವಾದರೂ ಅವರ ಚಿತ್ರದ ಮಾತಿನ ಕ್ಯಾಸೆಟ್ ಇದ್ದರೆ ಕಳಿಸಿ. ಸರಿ ಇದೆಯಾ ನೋಡೋಣ ಅಂತ ನೀವು ಹಾಕಿ ನೋಡಬೇಡಿ, ಪೆನ್ಸಿಲ್ ತೂರಿಸಿ ಸುತ್ತಲೂ ಬೇಡಿ. ಇದ್ದ ಹಾಗೇ ಪೇಪರಲ್ಲಿ ಸುತ್ತಿ, ನಮ್ಮ ಕಡೆ ಬರೋ ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕೊಡಿ. ಬಿಸಿಲು ಬೀಳೋ ಕಡೆ ಮಾತ್ರ ಇಡಬೇಡಿ ಅಂತ ಅವರಿಗೆ ಹೇಳಿ.